ನೀರು ಹೊಕ್ಕ ಕಾರಿನೊಳಗಿನ ಬೂಷ್ಟು: ಮೂಲ ಪತ್ತೆ ಮತ್ತು ನಿವಾರಣೆಯ ಕ್ರಮ

ಕಾರಿನ ಬಾಗಿಲು ತೆರೆದ ಕೂಡಲೇ ಮುಗ್ಗಲು ವಾಸನೆ ಮೂಗಿಗೆ ಅಡರುವುದು, ಬೆಳಿಗ್ಗೆ ನೋಡಿದರೆ ಗಾಜುಗಳ ಒಳಮೈಯಲ್ಲಿ ಹನಿ ಕಟ್ಟಿರುವುದು, ಸೀಟ್ ಬೆಲ್ಟಿನ ಮೇಲೋ ಸ್ಟಿಯರಿಂಗಿನ ಮೇಲೋ ಬೂದಿ ಎರಚಿದಂತೆ ಬಿಳಿ ಇಲ್ಲವೇ ಹಸಿರು ಮಚ್ಚೆಗಳು ಏಳುವುದು, ಈ ಮೂರೂ ಒಂದೇ ದೋಷದ ಲಕ್ಷಣಗಳು. ಕಣ್ಣಿಗೆ ಬೀಳುವುದು ಬೂಷ್ಟಾದ್ದರಿಂದ ಅದನ್ನೇ ದೋಷವೆಂದು ಭಾವಿಸಿ ಬಟ್ಟೆ ಹಿಡಿದು ಒರೆಸಲು ಹೊರಡುವವರೇ ಹೆಚ್ಚು. ಒರೆಸಿದ ಮೂರನೆಯ ವಾರಕ್ಕೆ ಅದು ಅದೇ ಜಾಗದಲ್ಲಿ ಮರಳಿದಾಗ ಬಳಸಿದ ದ್ರಾವಣವನ್ನು ದೂರುತ್ತಾರೆ. ವಾಸ್ತವದಲ್ಲಿ ಸೀಟಿನ ಮೇಲೆ ಬೂಷ್ಟು ಕಂಡರೆ ನೀರು ಸಾಮಾನ್ಯವಾಗಿ ಕಾಲ ಕೆಳಗೆ, ಕಾರ್ಪೆಟ್ಟಿನ ಅಡಿಯ ಪದರದಲ್ಲಿ ನಿಂತಿರುತ್ತದೆ. ಆ ನೀರು ಹಗಲು ಆವಿಯಾಗಿ ಮೇಲೇರಿ, ರಾತ್ರಿ ತಣಿದು, ಧೂಳು ಮತ್ತು ಬೆವರು ಅಂಟಿದ ಕಡೆಗಳಲ್ಲೆಲ್ಲ ಬೂಷ್ಟಿಗೆ ತೇವ ಒದಗಿಸುತ್ತದೆ.

ಶಿಲೀಂಧ್ರದ ಬೀಜಕಣಗಳು ಗಾಳಿಯಲ್ಲಿ ಸದಾ ಇರುತ್ತವೆ, ಅವನ್ನು ಕಾರಿನೊಳಗೆ ಬರದಂತೆ ತಡೆಯಲು ಯಾರಿಂದಲೂ ಆಗದು. ಬಟ್ಟೆ, ಚರ್ಮ, ಅಂಟು, ನಾರಿನ ಪದರ, ಉದುರಿದ ಚರ್ಮದ ಪುಡಿ ಎಲ್ಲವೂ ಅವಕ್ಕೆ ಆಹಾರ. ಬೆಚ್ಚಗಿನ ವಾತಾವರಣವಂತೂ ಮುಚ್ಚಿದ ಕಾರಿನಲ್ಲಿ ತಾನಾಗಿಯೇ ಇದೆ. ನಮ್ಮ ಹಿಡಿತದಲ್ಲಿರುವುದು ತೇವ ಒಂದೇ. ಒದ್ದೆಯಾದ ವಸ್ತುವಿನ ಮೇಲೆ 24ರಿಂದ 48 ಗಂಟೆಗಳೊಳಗೆ ಬೆಳವಣಿಗೆ ಆರಂಭವಾಗಬಲ್ಲದು. ಆದ್ದರಿಂದ ನೀರು ಹೊಕ್ಕಿದ್ದು ನಿನ್ನೆಯಾದರೆ ಇಂದಿನ ಕೆಲಸ ಒಣಗಿಸುವುದಷ್ಟೇ. ವಾರ ಕಳೆದಿದ್ದರೆ ಮುಂದೆ ಹೇಳಿರುವ ಎಲ್ಲವನ್ನೂ ಮಾಡಬೇಕಾಗುತ್ತದೆ.

ಮೊದಲು ಒಂದು ತೀರ್ಮಾನ

ಹೊಕ್ಕಿದ್ದು ಯಾವ ಬಗೆಯ ನೀರು ಎಂಬುದನ್ನು ಮೊದಲು ನಿರ್ಧರಿಸಬೇಕು. ಮಳೆಯ ನೀರು ಅಥವಾ ಏಸಿಯಿಂದ ಸೋರಿದ ನೀರಾದರೆ ಸ್ವಲ್ಪ ಸಹನೆ ಇರುವ ಯಾರಾದರೂ ಮನೆಯಲ್ಲೇ ಈ ಕೆಲಸ ಮಾಡಬಹುದು. ಪ್ರವಾಹದ ನೀರು ಅಥವಾ ಚರಂಡಿ ಬೆರೆತ ನೀರಾದರೆ ಅದರಲ್ಲಿ ರೋಗಾಣುಗಳು, ಎಣ್ಣೆ, ಕೆಸರು ಎಲ್ಲವೂ ಸೇರಿರುತ್ತವೆ. ಅಂಥ ಕಾರಿನ ಕಾರ್ಪೆಟ್ಟಿನ ಅಡಿಪದರವನ್ನೂ ಸೀಟಿನ ಫೋಮನ್ನೂ ತೊಳೆದು ಉಳಿಸಿಕೊಳ್ಳುವ ಆಸೆಯನ್ನು ಕೈಬಿಡುವುದು ಒಳಿತು. ಪ್ರವಾಹದಲ್ಲಿ ಮುಳುಗಿದ ಕಾರನ್ನು ಪರೀಕ್ಷೆ ಮಾಡಿಸದೆ ಚಾಲೂ ಮಾಡಲೇಬಾರದು, ಏಕೆಂದರೆ ಎಂಜಿನ್ನಿನ ಸಿಲಿಂಡರಿನೊಳಗೆ ನೀರಿದ್ದರೆ ಅದು ಗಾಳಿಯಂತೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ವಿದ್ಯುತ್ ಅಥವಾ ಹೈಬ್ರಿಡ್ ಕಾರಾದರೆ ಕಿತ್ತಳೆ ಬಣ್ಣದ ಕೇಬಲ್‌ಗಳು ಹೆಚ್ಚಿನ ವೋಲ್ಟೇಜಿನವು. ನೆಲದ ಮಟ್ಟಕ್ಕೆ ನೀರು ಬಂದಿದ್ದರೆ ತರಬೇತಿ ಪಡೆದವರು ನೋಡುವವರೆಗೆ ಒಳಗಿನ ಯಾವ ಭಾಗವನ್ನೂ ಬಿಚ್ಚಬಾರದು. ಅಸ್ತಮಾ ಇರುವವರು, ರೋಗನಿರೋಧಕ ಶಕ್ತಿ ಕುಂದಿರುವವರು ಈ ಕೆಲಸವನ್ನು ಬೇರೆಯವರಿಗೆ ಬಿಡಬೇಕು. ವಿಮೆಯ ಪರಿಹಾರ ಕೇಳುವ ಉದ್ದೇಶವಿದ್ದರೆ ಏನನ್ನೂ ಮುಟ್ಟುವ ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ.

ಕಾಣುತ್ತಿರುವುದು ಬೂಷ್ಟೇ?

ಎಲ್ಲ ಕಲೆಯೂ ಬೂಷ್ಟಲ್ಲ. ನೀರು ಒಣಗಿದ ಜಾಗದ ಅಂಚಿನಲ್ಲಿ ಉಳಿಯುವ ಬಿಳಿಯ ಉಪ್ಪಿನ ಗೆರೆ ಬೆರಳಿಗೆ ಹರಳುಹರಳಾಗಿ ಸಿಗುತ್ತದೆ ಮತ್ತು ನೀರಿನಲ್ಲಿ ಕರಗಿಹೋಗುತ್ತದೆ. ಬೂಷ್ಟು ದುಂಡನೆಯ ಮಚ್ಚೆಗಳಾಗಿ ಹರಡುತ್ತದೆ, ಟಾರ್ಚನ್ನು ಅಡ್ಡಲಾಗಿ ಹಿಡಿದು ನೋಡಿದರೆ ಸಣ್ಣ ನವಿರಿನಂತೆ ಎದ್ದಿರುವುದು ಕಾಣಿಸುತ್ತದೆ, ಒರೆಸಿದರೆ ಮೆತ್ತಿಕೊಳ್ಳುತ್ತದೆ. ಮುಟ್ಟಿ ನೋಡುವಾಗ ಕೈಗವಸು ಇರಲಿ, ಮೂಗನ್ನು ಹತ್ತಿರ ಒಯ್ಯುವುದು ಬೇಡ.

ಕಲೆ ಎಲ್ಲಿಯೂ ಇಲ್ಲದೆ ಬರಿಯ ವಾಸನೆ ಇದ್ದರೆ ಅದು ಯಾವಾಗ ಬರುತ್ತದೆ ಎಂಬುದನ್ನು ಗಮನಿಸಿ. ಏಸಿ ಹಾಕಿದ ಮೊದಲ ಒಂದೆರಡು ನಿಮಿಷ ಮಾತ್ರ ಹುಳಿ ಬೆರೆತ ಒದ್ದೆ ಕಾಲುಚೀಲದಂಥ ವಾಸನೆ ಬಂದು ಆಮೇಲೆ ಇಳಿದರೆ ದೋಷವಿರುವುದು ಡ್ಯಾಶ್‌ಬೋರ್ಡಿನ ಹಿಂದಿನ ಏಸಿ ಕಾಯಿಲಿನ ಮೇಲೆ. ರಾತ್ರಿಯಿಡೀ ಮುಚ್ಚಿಟ್ಟ ಕಾರನ್ನು ತೆರೆದಾಗ ವಾಸನೆ ಹೊಡೆದು, ಕಿಟಕಿ ಇಳಿಸಿ ಓಡಿಸಿದರೆ ಕಡಿಮೆಯಾದರೆ ನೆಲದಲ್ಲೋ ಸೀಟಿನಲ್ಲೋ ತೇವವಿದೆ. ಸಿಹಿ ವಾಸನೆ ಬಂದು, ಮುಂದಿನ ಗಾಜಿನ ಒಳಮೈಯಲ್ಲಿ ಎಣ್ಣೆಯಂಥ ಪೊರೆ ಕಟ್ಟುತ್ತಿದ್ದು, ಎಂಜಿನ್ನನ್ನು ತಣಿಸುವ ದ್ರವವಾದ ಕೂಲಂಟಿನ ಮಟ್ಟವೂ ಇಳಿಯುತ್ತಿದ್ದರೆ ಹೀಟರಿನ ಕಾಯಿಲ್ ಸೋರುತ್ತಿದೆ ಎಂದೇ ತಿಳಿಯಬೇಕು. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷಕಾರಿ. ಮಕ್ಕಳು ಮತ್ತು ಸಾಕುಪ್ರಾಣಿಗಳನ್ನು ದೂರವಿಡಿ.

ನೀರು ಎಲ್ಲಿ ನಿಂತಿದೆ

ಕಾರ್ಪೆಟ್ಟಿನ ಮೇಲ್ಮೈಯನ್ನು ಮುಟ್ಟಿ "ಒಣಗಿದೆ" ಎಂದು ಹೇಳುವುದರಷ್ಟು ದಾರಿ ತಪ್ಪಿಸುವ ಪರೀಕ್ಷೆ ಇನ್ನೊಂದಿಲ್ಲ. ಕಾರ್ಪೆಟ್ಟಿನ ಅಡಿಯಲ್ಲಿ ಸದ್ದು ತಡೆಯುವ ಸಲುವಾಗಿ ಫೋಮ್ ಅಥವಾ ನಾರಿನ ದಪ್ಪ ಪದರವಿರುತ್ತದೆ. ಅದು ಹಲವು ಲೀಟರ್ ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಅದರ ಕೆಳಗೆ ಲೋಹದ ತಳ, ಮೇಲೆ ದಪ್ಪ ಕಾರ್ಪೆಟ್ಟು, ಹೀಗಾಗಿ ಗಾಳಿ ಆಡುವುದೇ ಇಲ್ಲ. ರಬ್ಬರ್ ಮ್ಯಾಟನ್ನು ತೆಗೆದು, ನಾಲ್ಕು ಪದರ ಮಡಿಸಿದ ಟಿಶ್ಯೂ ಕಾಗದವನ್ನು ನಾಲ್ಕೂ ಕಾಲಿಡುವ ಜಾಗಗಳಲ್ಲಿ ಇಟ್ಟು, ಅದರ ಮೇಲೆ ಮೈಭಾರ ಹಾಕಿ ಅರ್ಧ ನಿಮಿಷ ನಿಲ್ಲಿ. ಕಾಗದ ತೇವವಾದರೆ ಉತ್ತರ ಸಿಕ್ಕಿತು. ತೇವವಾಗದಿದ್ದರೂ ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿಯನ್ನು ಮೇಲೆತ್ತಿ (ಬಹುತೇಕ ಕಾರುಗಳಲ್ಲಿ ಅದು ಕ್ಲಿಪ್‌ಗಳಲ್ಲಿ ಮಾತ್ರ ಕುಳಿತಿರುತ್ತದೆ) ಕಾರ್ಪೆಟ್ಟಿನ ಅಂಚಿನಡಿಗೆ ಬೆರಳು ತೂರಿಸಿ ಅಡಿಪದರವನ್ನೇ ಮುಟ್ಟಿ ನೋಡಬೇಕು. ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿಯನ್ನು ನೋಡುವುದನ್ನು ಮರೆಯಬೇಡಿ. ಎಷ್ಟೋ ಕಾರುಗಳಲ್ಲಿ ಅದು ಯಾರೂ ಇಣುಕದ ಸಣ್ಣ ಕೊಳವಾಗಿರುತ್ತದೆ.

ಚಿಕ್ಕದೊಂದು ತೇವಮಾಪಕ ಇದ್ದರೆ ಇನ್ನೊಂದು ಪರೀಕ್ಷೆ ಮಾಡಬಹುದು. ಅದನ್ನು ರಾತ್ರಿ ಕಾರಿನೊಳಗೆ ಇಟ್ಟು ಎಲ್ಲ ಮುಚ್ಚಿ, ಸೂರ್ಯ ಹುಟ್ಟುವ ಮೊದಲು ಓದಿ, ಕೂಡಲೇ ಹೊರಗಿನ ಗಾಳಿಯ ಮಟ್ಟವನ್ನೂ ನೋಡಿ. ಸಾಪೇಕ್ಷ ಆರ್ದ್ರತೆ ಉಷ್ಣತೆಯೊಂದಿಗೆ ಬದಲಾಗುವುದರಿಂದ ಒಳಗೂ ಹೊರಗೂ ಒಂದೇ ಉಷ್ಣತೆ ಇರುವ ಈ ಹೊತ್ತಿನಲ್ಲಿ ಮಾತ್ರ ಹೋಲಿಕೆಗೆ ಅರ್ಥವಿದೆ. ಒಳಗಿನ ಅಂಕಿ ಹೊರಗಿನದಕ್ಕಿಂತ ಎದ್ದುಕಾಣುವಷ್ಟು ಹೆಚ್ಚಿದ್ದರೆ ಕಾರಿನೊಳಗೆ ಎಲ್ಲೋ ನೀರು ಅಡಗಿದೆ.

ನೀರು ಎಲ್ಲಿಂದ ಬಂತು

ಈ ಹಂತವನ್ನು ಹಾರಿದವರು ಉಳಿದೆಲ್ಲ ಹಂತಗಳನ್ನು ಎರಡನೆಯ ಸಲ ಮಾಡುತ್ತಾರೆ. ಕಿಟಕಿ ತೆರೆದಿಟ್ಟು ಮರೆತದ್ದೋ ನೀರಿನ ಡಬ್ಬಿ ಮಗುಚಿದ್ದೋ ಆಗಿದ್ದರೆ ಕಾರಣ ಗೊತ್ತೇ ಇದೆ. ಗೊತ್ತಿಲ್ಲದಿದ್ದಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ಒದ್ದೆಯಾಗುವುದು ಮಳೆ ಬಂದ ಮೇಲೋ, ಮಳೆಯೇ ಇಲ್ಲದ ಬಿಸಿಲಿನ ದಿನಗಳಲ್ಲಿಯೂ ಆಗುತ್ತದೆಯೋ?

ಬಿಸಿಲಿನಲ್ಲಿಯೂ ಆಗುತ್ತಿದ್ದರೆ, ಅದೂ ಮುಂದಿನ ಕಾಲಿಡುವ ಜಾಗದಲ್ಲಿ ಡ್ಯಾಶ್‌ಬೋರ್ಡಿನ ನಡುವಿನ ಕಡೆಗೆ ಹೆಚ್ಚು ಒದ್ದೆಯಿದ್ದರೆ, ಏಸಿಯ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡಿರುವ ಸಾಧ್ಯತೆ ಬಹಳ. ಏಸಿಯ ತಣ್ಣನೆಯ ಕಾಯಿಲಿನ ಮೇಲೆ ಗಾಳಿಯ ತೇವ ಹನಿಯಾಗಿ ಕೂತು, ಒಂದು ಸಣ್ಣ ರಬ್ಬರ್ ಕೊಳವೆಯ ಮೂಲಕ ಕಾರಿನ ಅಡಿಗೆ ಸುರಿಯಬೇಕು. ಸೆಕೆಯ ದಿನ ಏಸಿ ಹಾಕಿ ನಿಲ್ಲಿಸಿದ ಕಾರಿನ ಕೆಳಗೆ ಕಾಣುವ ನೀರು ಅದೇ. ಏಸಿಯನ್ನು 15 ನಿಮಿಷ ನಡೆಸಿದ ಮೇಲೂ ಕೆಳಗೆ ಒಂದು ಹನಿಯೂ ಬೀಳದಿದ್ದು ಒಳಗೆ ಕಾರ್ಪೆಟ್ಟು ನೆನೆಯುತ್ತಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ. ನನ್ನ ಕಾರಿನಲ್ಲಿ ಹೀಗೆಯೇ ಆಗಿತ್ತು. ಬಾಗಿಲಿನ ರಬ್ಬರ್ ಬೀಡಿಂಗ್ ಹಾಳಾಗಿದೆಯೆಂದು ಗ್ಯಾರೇಜಿನಲ್ಲಿ ಹೇಳಿದ್ದನ್ನು ನಂಬಿ ಅದನ್ನು ಬದಲಿಸಿ, ತಿಂಗಳಾದ ಮೇಲೂ ಮ್ಯಾಟಿನಡಿ ನೀರು ಕಂಡಾಗ ಕಾರಿನ ಕೆಳಗೆ ಮಲಗಿ ನೋಡಿದರೆ, ಕೊಳವೆಯ ಬಾಯಿಗೆ ಕಣಜವೊಂದು ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ಮೆತ್ತನೆಯ ಪ್ಲಾಸ್ಟಿಕ್ ಪಟ್ಟಿಯಿಂದ ಅದನ್ನು ಕೆಳಗಿನಿಂದಲೇ ಬಿಡಿಸಿದೆ. ಜೋರಾದ ಗಾಳಿಯನ್ನು ಕೆಳಗಿನಿಂದ ಮೇಲಕ್ಕೆ ಊದಬಾರದು, ಒಳಗೆ ನಿಂತಿರುವ ನೀರು ಬ್ಲೋವರಿನ ಮೋಟರಿಗೆ ಎರಚಬಹುದು.

ಮಳೆಯ ನಂತರವಷ್ಟೇ ಒದ್ದೆಯಾಗುವುದಾದರೆ ನೀರು ಮೇಲಿನಿಂದ ಬರುತ್ತಿದೆ, ಆದರೆ ಒದ್ದೆ ಕಂಡ ಜಾಗದ ನೇರ ಮೇಲೆಯೇ ತೂತಿದೆ ಎಂದೇನೂ ಇಲ್ಲ. ನೀರು ವೈರುಗಳ ಕಟ್ಟನ್ನು ಹಿಡಿದು, ಲೋಹದ ಮಡಿಕೆಗಳಲ್ಲಿ ಹರಿದು, ಕಾರು ಓರೆಯಾಗಿ ನಿಂತ ಕಡೆಗೆ ಇಳಿದು, ತಾನು ಹೊಕ್ಕ ಜಾಗದಿಂದ ಒಂದು ಮೀಟರ್ ಆಚೆಗೂ ಹೊರಬರುತ್ತದೆ. ಹಾಗಿದ್ದರೂ ಅನುಮಾನಿಸಬೇಕಾದ ಸ್ಥಳಗಳು ಹೆಚ್ಚಿಲ್ಲ. ವೈಪರಿನ ಬುಡದಲ್ಲಿರುವ ತೊಟ್ಟಿಯಂಥ ಭಾಗದಲ್ಲಿ ಎಲೆ, ಕಸ ತುಂಬಿ ಅದರ ನೀರಿನ ಕಿಂಡಿಗಳು ಮುಚ್ಚಿದರೆ, ನೀರು ಏರಿ ಬ್ಲೋವರಿಗೆ ಗಾಳಿ ಬರುವ ದ್ವಾರದ ಮೂಲಕ ಒಳಗೆ ಇಳಿಯುತ್ತದೆ. ಬಾನೆಟ್ ಎತ್ತಿ ಕೈಯಿಂದ ಕಸ ತೆಗೆದರೆ ಮುಗಿಯಿತು. ಸನ್‌ರೂಫ್ ಇರುವ ಕಾರುಗಳಲ್ಲಿ ಅದರ ಚೌಕಟ್ಟಿನ ಮೂಲೆಗಳಿಂದ ಕಂಬಗಳೊಳಗೆ ಕೊಳವೆಗಳು ಇಳಿದಿರುತ್ತವೆ, ಏಕೆಂದರೆ ಸನ್‌ರೂಫಿನ ರಬ್ಬರ್ ನೀರನ್ನು ಪೂರ್ತಿ ತಡೆಯುವುದಿಲ್ಲ, ಒಳಬಂದ ನೀರನ್ನು ಕೊಳವೆ ಸಾಗಿಸಬೇಕೆಂಬುದೇ ಅದರ ವಿನ್ಯಾಸ. ಚೌಕಟ್ಟಿಗೆ ಅರ್ಧ ಲೋಟ ನೀರು ನಿಧಾನವಾಗಿ ಸುರಿದಾಗ ಅದು ಕೂಡಲೇ ಇಳಿದು ಕಾರಿನ ಕೆಳಗೆ ಕಾಣಿಸಬೇಕು.

ಬಾಗಿಲುಗಳ ವಿಷಯದಲ್ಲಿ ಹಲವರಿಗೆ ತಪ್ಪು ಕಲ್ಪನೆಯಿದೆ. ಕಿಟಕಿಯ ಗಾಜಿನ ಪಕ್ಕದಿಂದ ಮಳೆನೀರು ಬಾಗಿಲಿನ ಒಡಲೊಳಗೆ ಇಳಿಯುವುದು ದೋಷವಲ್ಲ. ಬಾಗಿಲಿನ ತಳದ ಕಿಂಡಿಗಳಿಂದ ಅದು ಹೊರಹೋಗುವಂತೆಯೇ ಮಾಡಲಾಗಿದೆ. ಒಳಗಿನ ಪ್ಲಾಸ್ಟಿಕ್ ಹಲಗೆಯ ಹಿಂದೆ ಮೆತ್ತನೆಯ ಅಂಟಿನಿಂದ ಕೂರಿಸಿದ ತೆಳು ಹಾಳೆಯೊಂದು ಆ ನೀರನ್ನು ಕ್ಯಾಬಿನ್ನಿಗೆ ಬಾರದಂತೆ ತಡೆಯುತ್ತದೆ. ಸ್ಪೀಕರ್ ಹಾಕಿಸಲೋ ಕಿಟಕಿಯ ಮೋಟರ್ ಬದಲಿಸಲೋ ಬಾಗಿಲನ್ನು ಬಿಚ್ಚಿದಾಗ ಈ ಹಾಳೆಯನ್ನು ಹರಿದು ಹಾಗೆಯೇ ಬಿಟ್ಟಿದ್ದರೆ ಮುಂದಿನ ಮಳೆಗೆ ಹೊಸ್ತಿಲು ನೆನೆಯುತ್ತದೆ. ಇತ್ತೀಚೆಗೆ ಬಾಗಿಲು ಬಿಚ್ಚಿಸಿದ್ದರೆ ಮೊದಲ ಅನುಮಾನ ಅಲ್ಲಿಯೇ ಇರಲಿ, ಮುಂದಿನ ಗಾಜನ್ನು ಬದಲಿಸಿದ್ದರೆ ಅದರ ಅಂಟಿನ ಮೇಲೆ. ಡಿಕ್ಕಿ ಒದ್ದೆಯಾಗುತ್ತಿದ್ದರೆ ಹಿಂದಿನ ದೀಪಗಳ ಗ್ಯಾಸ್ಕೆಟ್, ಡಿಕ್ಕಿಯ ಬೀಡಿಂಗ್, ಮೇಲಿನ ಬ್ರೇಕ್ ದೀಪ, ಆಂಟೆನಾದ ಬುಡ ಮತ್ತು ಹಿಂದಿನ ಬಂಪರಿನ ಮರೆಯಲ್ಲಿರುವ ಗಾಳಿಕಿಂಡಿಯ ರಬ್ಬರನ್ನು ಈ ಕ್ರಮದಲ್ಲಿ ನೋಡಬಹುದು.

ಕಣ್ಣಳತೆಯಲ್ಲಿ ಸಿಗದಿದ್ದರೆ ನೀರು ಹಾಯಿಸಿ ಪರೀಕ್ಷಿಸಬೇಕು. ಇದಕ್ಕೆ ಇಬ್ಬರು ಬೇಕು: ಒಬ್ಬರು ಟಾರ್ಚ್ ಹಿಡಿದು ಒಳಗೆ, ಇನ್ನೊಬ್ಬರು ಪೈಪ್ ಹಿಡಿದು ಹೊರಗೆ. ಪೈಪಿನ ತುದಿಗೆ ನಳಿಕೆ ಬೇಡ, ಒತ್ತಡದ ಧಾರೆ ಸರಿಯಿರುವ ರಬ್ಬರನ್ನೂ ದಾಟಿ ಸುಳ್ಳು ಉತ್ತರ ಕೊಡುತ್ತದೆ; ಮಳೆಯಂತೆ ಸುಮ್ಮನೆ ಹರಿಯಲಿ. ಕೆಳಗಿನಿಂದ ಆರಂಭಿಸಿ ಒಂದೊಂದು ಭಾಗಕ್ಕೂ ಐದೈದು ನಿಮಿಷ ಕೊಟ್ಟು ಮೇಲಕ್ಕೆ ಸಾಗಬೇಕು. ಚಾವಣಿಯಿಂದ ಆರಂಭಿಸಿದರೆ ನೀರು ಎಲ್ಲ ಕಡೆಗೂ ಇಳಿಯುವುದರಿಂದ ಯಾವ ಜಾಗ ಸೋರಿತೆಂದು ಗೊತ್ತಾಗುವುದೇ ಇಲ್ಲ. ಒಳಗೆ ಅನುಮಾನದ ಜಾಗಗಳಿಗೆ ಮೊದಲೇ ಸ್ವಲ್ಪ ಟಾಲ್ಕಂ ಪುಡಿ ಉದುರಿಸಿಟ್ಟರೆ ನೀರು ಹರಿದ ಗೆರೆ ಅದರಲ್ಲಿ ಸ್ಪಷ್ಟವಾಗಿ ಮೂಡುತ್ತದೆ. ನೀರಿನ ಪರೀಕ್ಷೆ ಫಲಿಸದಿದ್ದರೆ ಗಾಳಿಯಿಂದ ನೋಡಬಹುದು: ಎಲ್ಲ ಕಿಟಕಿ ಮುಚ್ಚಿ, ಹೊರಗಾಳಿ ಒಳಬರುವಂತೆ ಬ್ಲೋವರನ್ನು ಪೂರ್ಣ ವೇಗದಲ್ಲಿಟ್ಟು, ಹೊರಗಿನಿಂದ ಗಾಜು ಮತ್ತು ಬೀಡಿಂಗಿನ ಅಂಚಿಗೆ ಸಾಬೂನು ನೀರು ಸವರಿದರೆ ತೂತಿರುವ ಕಡೆ ಗುಳ್ಳೆ ಏಳುತ್ತದೆ.

ಒಣಗಿಸುವುದು

ಸೋರಿಕೆ ನಿಂತ ಮೇಲಷ್ಟೇ ಒಣಗಿಸುವ ಕೆಲಸ. ಕಾರನ್ನು ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದರೆ ಸಾಕು, ಒಳಗಿನ ಕಾವಿಗೆ ಎಲ್ಲ ಒಣಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಒಂದು ಸಣ್ಣ ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ. ಸಾಧಾರಣ ಕಾರಿನ ಒಳಾವರಣ ಸುಮಾರು 3 ಘನ ಮೀಟರ್. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 30 ಗ್ರಾಂ ನೀರನ್ನು ಆವಿಯಾಗಿ ಹೊರಬಲ್ಲದು. ಅಂದರೆ ಮುಚ್ಚಿದ ಕಾರಿನ ಗಾಳಿಯೆಲ್ಲ ಸೇರಿ ಹೊರುವುದು 90 ಗ್ರಾಂ. ಕಾರ್ಪೆಟ್ಟಿನ ಅಡಿಯಲ್ಲಿ 5 ಲೀಟರ್ ನೀರಿದ್ದರೆ, ಪೂರ್ತಿ ಒಣಗಿದ ಗಾಳಿ ಒಳಬಂದು ಪೂರ್ತಿ ತೇವ ತುಂಬಿಕೊಂಡು ಹೊರಹೋಗುತ್ತದೆ ಎಂದೇ ಇಟ್ಟುಕೊಂಡರೂ ಐವತ್ತಕ್ಕೂ ಹೆಚ್ಚು ಸಲ ಗಾಳಿ ಬದಲಾಗಬೇಕು. ನಿಜವಾದ ಗಾಳಿಯಲ್ಲಿ ಮೊದಲೇ ತೇವ ಇರುವುದರಿಂದ ಇದರ ಹಲವು ಪಟ್ಟು ಬೇಕಾಗುತ್ತದೆ. ಗಾಜು ಏರಿಸಿದ ಕಾರಿನಲ್ಲಿ ಆವಿಯಾದ ನೀರು ಹೊರಹೋಗಲು ದಾರಿಯಿಲ್ಲದೆ ಸಂಜೆ ಚಾವಣಿಯ ಬಟ್ಟೆಗೂ ಸೀಟಿಗೂ ಕೂತು, ಮೊದಲು ಒಂದೇ ಕಡೆ ಇದ್ದ ಬೂಷ್ಟು ಎಲ್ಲೆಡೆ ಹರಡುತ್ತದೆ. ಸಿಲಿಕಾ ಜೆಲ್ ಪೊಟ್ಟಣಗಳ ಕತೆಯೂ ಇಷ್ಟೇ: ಒಂದು ಕಿಲೋ ಜೆಲ್ ಹೀರುವುದು 200ರಿಂದ 300 ಗ್ರಾಂ ನೀರು. ಒಣಗಿದ ಕಾರನ್ನು ಒಣಗಿರುವಂತೆ ಕಾಯಲು ಅದು ಸರಿ, ನೆನೆದ ಕಾರನ್ನು ಒಣಗಿಸಲು ಸಾಲದು.

ಮೊದಲು ನೀರನ್ನು ನೀರಾಗಿಯೇ ತೆಗೆಯಿರಿ, ಆವಿಯಾಗಿ ತೆಗೆಯುವುದು ಉಳಿದದ್ದಕ್ಕೆ ಮಾತ್ರ. ಒದ್ದೆ ಎಳೆಯುವ ವ್ಯಾಕ್ಯೂಮ್ ಇದ್ದರೆ ಕಾರ್ಪೆಟ್ಟನ್ನು ಒತ್ತಿ ಹಿಡಿದು ನೀರು ಬರುವುದು ನಿಲ್ಲುವವರೆಗೆ ಎಳೆಯಬೇಕು, ಇಲ್ಲದಿದ್ದರೆ ಒಣ ಟವೆಲ್ ಹಾಸಿ ತುಳಿದು ಹಿಂಡುವುದನ್ನು ಹತ್ತಾರು ಸಲ ಮಾಡಬೇಕು. ಹಲವು ಕಾರುಗಳ ತಳದಲ್ಲಿ ರಬ್ಬರ್ ಬಿರಡೆಗಳಿರುತ್ತವೆ. ನಿಂತ ನೀರು ಹೆಚ್ಚಿದ್ದರೆ ಅವನ್ನು ತೆಗೆದು ಇಳಿಸಿ, ಮರಳಿ ಹಾಕಲು ಮರೆಯದಿರಿ. ನಂತರ ಕಾರ್ಪೆಟ್ಟನ್ನು ಎತ್ತಲೇಬೇಕು. ಹೊಸ್ತಿಲ ಪಟ್ಟಿಗಳನ್ನು ತೆಗೆದು ಅಂಚನ್ನು ಮೇಲೆತ್ತಿ ಕೆಳಗೆ ಮರದ ತುಂಡು ಕೊಟ್ಟು ಗಾಳಿ ಹೋಗಲು ದಾರಿ ಮಾಡುವುದು ಸರಳ ಮಾರ್ಗ. ಸೀಟು ಬಿಚ್ಚಿ ಕಾರ್ಪೆಟ್ಟನ್ನೇ ಹೊರತೆಗೆಯುವುದು ಖಚಿತ ಮಾರ್ಗ.

ಸೀಟು ಬಿಚ್ಚುವವರಿಗೆ ಎಚ್ಚರಿಕೆಯ ಮಾತು. ಸೀಟಿನ ಕೆಳಗಿನ ಹಳದಿ ಕನೆಕ್ಟರುಗಳು ಏರ್‌ಬ್ಯಾಗ್ ಮತ್ತು ಬೆಲ್ಟ್ ಬಿಗಿಯುವ ಸಾಧನಕ್ಕೆ ಸೇರಿದವು. ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿ, ಕಾರಿನ ಕೈಪಿಡಿ ಹೇಳಿದಷ್ಟು ಹೊತ್ತು, ಅದು ಸಿಗದಿದ್ದರೆ ಕನಿಷ್ಠ 10 ನಿಮಿಷ ಕಾದ ಮೇಲೆಯೇ ಅವನ್ನು ಮುಟ್ಟಬೇಕು. ಅವು ಬಿಚ್ಚಿರುವಾಗ ಇಗ್ನಿಷನ್ ಹಾಕಿದರೆ ಏರ್‌ಬ್ಯಾಗ್ ದೀಪ ಹತ್ತಿ ಉಳಿಯುತ್ತದೆ. ಸೀಟಿನ ಬೋಲ್ಟುಗಳನ್ನು ಮರಳಿ ಬಿಗಿಯುವಾಗ ತಯಾರಕರು ಹೇಳಿದ ಬಿಗಿತ ಪಾಲಿಸಬೇಕು, ಅಪಘಾತದಲ್ಲಿ ನಿಮ್ಮನ್ನು ಹಿಡಿದಿಡುವುದು ಅವೇ.

ಬಾಗಿಲುಗಳನ್ನು ತೆರೆದು ಒಂದು ಕಡೆಯಿಂದ ಫ್ಯಾನಿನ ಗಾಳಿ ಕಾರ್ಪೆಟ್ಟಿನ ಅಡಿಗೆ ನುಗ್ಗಿ ಇನ್ನೊಂದು ಕಡೆಯಿಂದ ಹೊರಹೋಗುವಂತೆ ಇಡಿ. ಹೊರಗಿನ ಗಾಳಿಯೇ ತೇವದಿಂದ ಕೂಡಿದ್ದರೆ ಮುಚ್ಚಿದ ಗ್ಯಾರೇಜಿನಲ್ಲಿ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಇಡುವುದು ಒಳ್ಳೆಯದು. ಎರಡು ಮೂರು ದಿನ ಹಿಡಿಯುತ್ತದೆ. ಅವಸರಕ್ಕೆ ಬಿಸಿಗಾಳಿಯ ಗನ್ ಹಿಡಿದರೆ ಅಂಟು ಬಿಡುತ್ತದೆ, ಪ್ಲಾಸ್ಟಿಕ್ ಬಾಗುತ್ತದೆ. ಅಡಿಪದರದಲ್ಲಿ ಕಪ್ಪು ಮಚ್ಚೆಗಳು ಆಳಕ್ಕೆ ಇಳಿದಿದ್ದರೆ ಅದನ್ನು ಒಣಗಿಸುತ್ತ ಕೂರುವುದು ವ್ಯರ್ಥ, ಹೊಸದನ್ನು ಹಾಕಿಸುವುದೇ ಅಗ್ಗ. ಲೋಹದ ತಳ ಬಯಲಾಗಿರುವಾಗಲೇ ತುಕ್ಕು ಕಂಡ ಕಡೆ ಉಜ್ಜಿ ಬಣ್ಣ ಹಚ್ಚಿ, ಹಸಿರುಗಟ್ಟಿದ ಕನೆಕ್ಟರುಗಳನ್ನು ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆಯಬಹುದು.

ಬೂಷ್ಟನ್ನು ತೆಗೆಯುವುದು

ಎನ್95 ಮಾಸ್ಕ್, ಕೈಗವಸು, ಕಣ್ಣಿಗೆ ಮುಚ್ಚಿದ ಕನ್ನಡಕ ಧರಿಸಿ ಬಯಲಿನಲ್ಲಿ ಕೆಲಸ ಮಾಡಿ. ಒಣ ಬೂಷ್ಟನ್ನು ಬ್ರಷ್‌ನಿಂದ ಉಜ್ಜಿದರೆ ಬೀಜಕಣಗಳು ಹಾರಿ ಹೊಸ ಜಾಗಗಳಲ್ಲಿ ಕೂರುತ್ತವೆ, ಆದ್ದರಿಂದ ಮೊದಲು ಸ್ಪ್ರೇಯಿಂದ ಸಣ್ಣಗೆ ತೇವ ಮಾಡಿ ಒರೆಸಬೇಕು, ಒರೆಸಿದ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಬೇಕು. ವ್ಯಾಕ್ಯೂಮ್ ಬಳಸುವುದಾದರೆ 0.3 ಮೈಕ್ರಾನ್ ಕಣಗಳಲ್ಲಿ ಶೇ. 99.97ರಷ್ಟನ್ನು ಹಿಡಿಯುವ ಹೆಪಾ ಫಿಲ್ಟರ್ ಇರುವುದೇ ಆಗಬೇಕು. ಸಾಮಾನ್ಯ ವ್ಯಾಕ್ಯೂಮ್ ಮುಂದಿನಿಂದ ಎಳೆದದ್ದನ್ನು ಹಿಂದಿನಿಂದ ಊದುತ್ತದೆ.

ಬ್ಲೀಚ್ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಬಟ್ಟೆ, ಫೋಮಿನಂಥ ರಂಧ್ರಮಯ ವಸ್ತುಗಳಲ್ಲಿ ಅದು ಮೇಲಿನ ಬಣ್ಣವನ್ನು ಮಾತ್ರ ಅಳಿಸುತ್ತದೆ, ಅದರ ನೀರು ಒಳಗಿಳಿದು ಬೇರಿಗೆ ತೇವ ಕೊಡುತ್ತದೆ, ಲೋಹಕ್ಕೆ ತುಕ್ಕು ತರುತ್ತದೆ. ವಿನೆಗರಿನೊಂದಿಗೆ ಬೆರೆತರೆ ಕ್ಲೋರಿನ್ ಅನಿಲ, ಅಮೋನಿಯಾ ಇರುವ ಗಾಜಿನ ಕ್ಲೀನರಿನೊಂದಿಗೆ ಬೆರೆತರೆ ಕ್ಲೋರಮೈನ್ ಹುಟ್ಟುತ್ತದೆ. ಕಾರಿನಂಥ ಇಕ್ಕಟ್ಟಿನಲ್ಲಿ ಎರಡೂ ಅಪಾಯಕಾರಿ. ಮೃದು ಸಾಬೂನು ನೀರಿನಿಂದ ತೊಳೆದು ಬೂಷ್ಟನ್ನೂ ಅದರ ಆಹಾರವಾದ ಕೊಳೆಯನ್ನೂ ತೆಗೆಯುವುದೇ ಮುಖ್ಯ ಕೆಲಸ, ಔಷಧ ಆಮೇಲಿನದು. ಸತ್ತ ಬೂಷ್ಟೂ ಅಲರ್ಜಿ ಉಂಟುಮಾಡಬಲ್ಲದಾದ್ದರಿಂದ ಕೊಂದು ಅಲ್ಲಿಯೇ ಬಿಡುವುದರಿಂದ ಪ್ರಯೋಜನವಿಲ್ಲ.

ಮೇಲಿನಿಂದ ಕೆಳಕ್ಕೆ ಬನ್ನಿ. ಚಾವಣಿಯ ಬಟ್ಟೆ ತೆಳುವಾದ ಫೋಮಿಗೆ ಅಂಟಿಸಿದ್ದು. ನೆನೆಸಿದರೆ ಅಂಟು ಬಿಟ್ಟು ಜೋತುಬೀಳುತ್ತದೆ, ಆದ್ದರಿಂದ ಹಿಂಡಿದ ಬಟ್ಟೆಯಿಂದ ಒತ್ತಿ ಎತ್ತುವುದು ಮಾತ್ರ, ಉಜ್ಜುವಂತಿಲ್ಲ. ಪ್ಲಾಸ್ಟಿಕ್ ಭಾಗಗಳನ್ನು ಸಾಬೂನು ನೀರಿನಿಂದ ಒರೆಸಿ, ಬಳಿಕ ಶೇ. 70ರ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಬಹುದು. ಅದಕ್ಕಿಂತ ಗಾಢವಾದದ್ದು ಬೇಗ ಆರಿಹೋಗುವುದರಿಂದ ಕೆಲಸ ಕಡಿಮೆ. ಅದು ಬೇಗ ಹೊತ್ತಿಕೊಳ್ಳುವ ದ್ರವ, ಬಾಗಿಲುಗಳು ತೆರೆದಿರಲಿ. ಮೀಟರಿನ ಪಾರದರ್ಶಕ ಮುಖಕ್ಕೆ, ಟಚ್ ಸ್ಕ್ರೀನಿಗೆ, ಹೊಳಪಿನ ಕಪ್ಪು ಪ್ಲಾಸ್ಟಿಕ್ಕಿಗೆ ಆಲ್ಕೋಹಾಲ್ ತಾಗಿಸಬೇಡಿ, ಕೂದಲೆಳೆಯಂಥ ಬಿರುಕುಗಳು ಮೂಡಬಹುದು.

ಬಟ್ಟೆಯ ಸೀಟಿಗೆ ದ್ರಾವಣ ಚಿಮುಕಿಸಿ ಕೂಡಲೇ ಎಳೆದುಕೊಳ್ಳುವ ಯಂತ್ರ ಸಿಕ್ಕರೆ ಉತ್ತಮ. ಕಲೆ ಉಳಿದರೆ ಶೇ. 3ರ ಹೈಡ್ರೋಜನ್ ಪೆರಾಕ್ಸೈಡನ್ನು 10 ನಿಮಿಷ ಬಿಟ್ಟು ಒರೆಸಬಹುದು, ಬಣ್ಣ ಮಾಸುತ್ತದೆಯೇ ಎಂದು ಮರೆಯಾದ ಮೂಲೆಯಲ್ಲಿ ಮೊದಲು ನೋಡಿ. ಶೇ. 5ರ ಬಿಳಿ ವಿನೆಗರ್ ಹಲವು ಬಗೆಯ ಬೂಷ್ಟನ್ನು ಕೊಲ್ಲುತ್ತದೆ, ಎಲ್ಲವನ್ನೂ ಅಲ್ಲ. ಅದರ ವಾಸನೆ ಒಂದೆರಡು ದಿನದಲ್ಲಿ ಹೋಗುತ್ತದೆ. ಸೀಟನ್ನು ತೋಯಿಸುವಷ್ಟು ಸುರಿಯುವುದು ಯಾವ ದ್ರಾವಣದಲ್ಲಿಯೂ ತಪ್ಪು. ಒಳಗೆ ಏರ್‌ಬ್ಯಾಗ್ ಮತ್ತು ಸಂವೇದಕಗಳಿವೆ, ಅಲ್ಲದೆ ಫೋಮ್ ಮತ್ತೆ ಒಣಗಬೇಕು. ಚರ್ಮದ ಸೀಟಿಗೆ ಚರ್ಮಕ್ಕೆಂದೇ ಇರುವ ಸೌಮ್ಯ ಸಾಬೂನು ಸಾಕು. ಆಲ್ಕೋಹಾಲ್ ಅದರ ಮೇಲಿನ ಲೇಪವನ್ನು ಕಿತ್ತುಬಿಡುತ್ತದೆ. ನೆರಳಿನಲ್ಲಿ ಒಣಗಿಸಿ ಕಂಡೀಷನರ್ ಹಚ್ಚಿ.

ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು, ಹಿಂದೆ ಸರಿಯದಂತೆ ಕ್ಲಿಪ್ ಹಾಕಿ ನೋಡಿ. ಬೂಷ್ಟು ಇರುವುದು ಸುರುಳಿಯೊಳಗೆ ಅಡಗಿದ ಭಾಗದಲ್ಲಿ. ಮೃದು ಸಾಬೂನು ಮತ್ತು ಬರಿ ನೀರು ಬಿಟ್ಟು ಬೇರೇನನ್ನೂ ಅದಕ್ಕೆ ಹಚ್ಚಬಾರದು. ಬ್ಲೀಚ್ ಮತ್ತು ಪ್ರಬಲ ದ್ರಾವಕಗಳು ನೂಲನ್ನು ದುರ್ಬಲಗೊಳಿಸುತ್ತವೆ, ಆ ದೌರ್ಬಲ್ಯ ಕಣ್ಣಿಗೆ ಕಾಣುವುದಿಲ್ಲ. ಪೂರ್ತಿ ಒಣಗಿದ ಮೇಲೆಯೇ ಕ್ಲಿಪ್ ತೆಗೆಯಿರಿ.

ಓಜೋನ್ ಯಂತ್ರವನ್ನು ಕೆಲವರು ಸೂಚಿಸುತ್ತಾರೆ. ವಾಸನೆಯನ್ನು ಅದು ತಗ್ಗಿಸಬಲ್ಲದು, ಬೂಷ್ಟನ್ನು ತೆಗೆದುಹಾಕಲಾರದು. ಬೂಷ್ಟಿಗೆ ತಾಕುವಷ್ಟು ಓಜೋನ್ ಇದ್ದರೆ ಶ್ವಾಸಕೋಶಕ್ಕೂ ಕಾರಿನ ರಬ್ಬರಿಗೂ ಹಾನಿ. ಸುಗಂಧದ ಡಬ್ಬಿಗಳಂತೂ ಪತ್ತೆಗೆ ಉಪಯೋಗವಾಗುವ ಒಂದೇ ಒಂದು ಸುಳಿವನ್ನು ಮುಚ್ಚಿಹಾಕುತ್ತವೆ.

ಗಾಳಿಯ ಮಾರ್ಗ

ಸೀಟು, ಕಾರ್ಪೆಟ್ಟು ಸ್ವಚ್ಛವಾದ ಮೇಲೂ ಬ್ಲೋವರ್ ಹಾಕಿದಾಗ ವಾಸನೆ ಬಂದರೆ ಕ್ಯಾಬಿನ್ ಫಿಲ್ಟರ್ ನೋಡಿ. ಬಹಳಷ್ಟು ಕಾರುಗಳಲ್ಲಿ ಅದು ಗ್ಲೋವ್ ಬಾಕ್ಸಿನ ಹಿಂದಿರುತ್ತದೆ. ಒದ್ದೆಯಾಗಿದ್ದ ಫಿಲ್ಟರನ್ನು ಒಣಗಿಸಿ ಮರಳಿ ಹಾಕುವ ಉಳಿತಾಯ ಮಾಡಬೇಡಿ. ಹೊಸದನ್ನು ಹಾಕುವ ಮೊದಲು ಏಸಿ ಕಾಯಿಲಿಗೆಂದು ಮಾರುವ ನೊರೆಯ ಕ್ಲೀನರನ್ನು ಅದರ ಡಬ್ಬಿಯ ಮೇಲಿನ ಸೂಚನೆಯಂತೆ ಬಳಸಿ. ನೊರೆ ಕರಗಿದ ನೀರು ಕೆಳಗಿನ ಕೊಳವೆಯಿಂದ ಹೊರಬರಬೇಕು, ಹಾಗಾಗಿ ಕೊಳವೆ ತೆರೆದಿದೆಯೆಂಬುದನ್ನು ಮೊದಲೇ ಖಚಿತಪಡಿಸಿಕೊಂಡಿರಬೇಕು. ಮುಂದೆ ಪ್ರತಿ ಪ್ರಯಾಣದ ಕೊನೆಯ ಐದು ನಿಮಿಷ ಏಸಿ ಆರಿಸಿ ಬ್ಲೋವರನ್ನು ಮಾತ್ರ ನಡೆಸಿದರೆ ಕಾಯಿಲ್ ಒಣಗಿ ಬೂಷ್ಟಿಗೆ ಎಡೆ ಸಿಗುವುದಿಲ್ಲ.

ಸರಿಹೋಯಿತೇ ಎಂಬ ಪರೀಕ್ಷೆ

ಎಲ್ಲವನ್ನೂ ಮರಳಿ ಜೋಡಿಸುವ ಮೊದಲೇ ನೀರು ಹಾಯಿಸುವ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಏಕೆಂದರೆ ಕಾರ್ಪೆಟ್ಟು ಎತ್ತಿರುವಾಗ ಒಂದು ಹನಿ ಬಿದ್ದರೂ ಕಾಣುತ್ತದೆ. ಜೋಡಿಸಿದ ಬಳಿಕ ಕಾರನ್ನು 48 ಗಂಟೆ ಪೂರ್ತಿ ಮುಚ್ಚಿಟ್ಟು, ಬೆಳಗಿನ ಜಾವ ತೇವಮಾಪಕ ಓದಿ, ಗಾಜಿನ ಒಳಮೈ ನೋಡಿ, ಬಾಗಿಲು ತೆರೆದ ಮೊದಲ ಉಸಿರಿನಲ್ಲಿಯೇ ವಾಸನೆ ಗಮನಿಸಿ. ಎರಡನೆಯ ಉಸಿರಿಗೆ ಮೂಗು ಒಗ್ಗಿಹೋಗಿರುತ್ತದೆ. ಕಾರಿಗೆ ಹೊಸಬರಾದ ಒಬ್ಬರ ಮೂಗನ್ನು ಎರವಲು ಪಡೆಯುವುದು ಇನ್ನೂ ಒಳ್ಳೆಯದು.

ಎರಡು ವಾರಗಳ ನಂತರ ಮತ್ತೆ ಬೂಷ್ಟು ಕಂಡರೆ ಅದು ಎಲ್ಲಿ ಕಂಡಿತೆಂಬುದೇ ಮುಂದಿನ ದಾರಿ ಹೇಳುತ್ತದೆ. ಹಿಂದೆ ಇದ್ದ ಒಂದೇ ಜಾಗದಲ್ಲಿ ಮಾತ್ರ ಮರಳಿದ್ದರೆ ಆ ವಸ್ತುವಿನೊಳಗೇ ಬೇರು ಉಳಿದಿದೆ, ಅದನ್ನು ಬದಲಿಸಬೇಕು. ಸ್ಟಿಯರಿಂಗ್, ಬೆಲ್ಟು, ಸೀಟಿನ ಅಂಚು ಎಂದು ಹಲವು ಕಡೆ ತೆಳುವಾಗಿ ಹರಡಿದ್ದರೆ ಗಾಳಿಯಲ್ಲಿ ಇನ್ನೂ ತೇವವಿದೆ. ಅಡಿಪದರ ಒಣಗಿಲ್ಲ, ಅಥವಾ ನೀವು ಮುಚ್ಚಿದ ತೂತಿನ ಪಕ್ಕದಲ್ಲಿ ಇನ್ನೊಂದಿದೆ. ಆಗ ಸಾಬೂನಿನ ಡಬ್ಬಿಯನ್ನು ಬದಿಗಿಟ್ಟು, ಹೊಸ್ತಿಲ ಪಟ್ಟಿಯನ್ನು ಮತ್ತೆ ಎತ್ತಿ ಟಿಶ್ಯೂ ಕಾಗದದಿಂದ ಆರಂಭಿಸಿ.